ಪಟ್ಟು ಬಿಡದ ಸ್ಕ್ರೂ, ನಟ್ಟು, ಬೋಲ್ಟುಗಳನ್ನು ಕೈ ಸಾಧನಗಳಿಂದಲೇ ಬಿಚ್ಚುವುದು ಹೇಗೆ?

ಸ್ಕ್ರೂ ಜಾಮ್ ಆಗಿದ್ದರೆ ಹೆಚ್ಚಿನವರು ಮಾಡುವುದು ಒಂದೇ: ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಇಟ್ಟು, ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿಸುವುದು. ಸ್ಕ್ರೂ ಕದಲುವುದಿಲ್ಲ, ಅದರ ತಲೆಯ ಗುಳಿ ಮಾತ್ರ ಸವೆದು ದುಂಡಗಾಗುತ್ತದೆ. ಹತ್ತು ನಿಮಿಷದ ಕೆಲಸ ಅಲ್ಲಿಂದ ಮುಂದೆ ಅರ್ಧ ದಿನ ಹಿಡಿಯುತ್ತದೆ.

ಈ ಇಡೀ ಕೆಲಸದಲ್ಲಿ ಕಾಪಾಡಿಕೊಳ್ಳಬೇಕಾದ್ದು ಸ್ಕ್ರೂವಿನ ತಲೆಯನ್ನು. ತಲೆ ನೆಟ್ಟಗಿದ್ದರೆ ಎಣ್ಣೆ, ಪೆಟ್ಟು, ಶಾಖ, ಸನ್ನೆ ಎಲ್ಲವನ್ನೂ ಒಂದಾದ ಮೇಲೊಂದು ಪ್ರಯೋಗಿಸಲು ಅವಕಾಶವಿರುತ್ತದೆ. ತಲೆ ಹೋಯಿತೆಂದರೆ ಅವುಗಳಲ್ಲಿ ಅರ್ಧಕ್ಕರ್ಧ ಕೈತಪ್ಪುತ್ತವೆ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಹಾನಿ ಕಡಿಮೆಯಿರುವುದರಿಂದ ಹೆಚ್ಚಿರುವುದರ ಕಡೆಗೆ ಜೋಡಿಸಿದ್ದೇನೆ. ಅವಸರಕ್ಕೆ ಬಿದ್ದು ನಡುವಿನ ಹೆಜ್ಜೆ ಹಾರಿಸಬೇಡಿ.

1. ಹಿಡಿದುಕೊಂಡಿರುವುದು ಏನು ಎಂದು ನೋಡಿ

ಸಾಧನ ಕೈಗೆತ್ತಿಕೊಳ್ಳುವ ಮೊದಲು ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಕಂದು ಬಣ್ಣದ ಪುಡಿ, ಹೆಪ್ಪು ಕಂಡರೆ ಅದು ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಆಕ್ರಮಿಸುತ್ತದೆ. ನಟ್ಟು ಬೋಲ್ಟುಗಳ ಥ್ರೆಡ್ (ಸುರುಳಿ ಗೆರೆ) ನಡುವಿನ ಕಿರಿದಾದ ಸಂದಿಯಲ್ಲಿ ಅದು ಉಬ್ಬಿ, ಎರಡನ್ನೂ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಇದಕ್ಕೆ ಎಣ್ಣೆ ಮತ್ತು ಪೆಟ್ಟು ಕೆಲಸ ಮಾಡುತ್ತವೆ.

ಅಲ್ಯೂಮಿನಿಯಂ ಭಾಗದೊಳಗೆ ಉಕ್ಕಿನ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಇದ್ದು, ಸುತ್ತ ಬಿಳಿ ಪುಡಿ ಕಂಡರೆ ಅದು ಎರಡು ಬೇರೆ ಬೇರೆ ಲೋಹಗಳು ತೇವದಲ್ಲಿ ಕೂಡಿ ಉಂಟಾದ ಸವೆತ. ಇಲ್ಲಿ ಶಾಖದ ಉಪಯೋಗ ಹೆಚ್ಚು, ಯಾಕೆಂದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಥ್ರೆಡ್ ಮೇಲೆ ನೀಲಿ ಅಥವಾ ಕೆಂಪು ಗಟ್ಟಿ ಪದರ ಕಂಡರೆ ಥ್ರೆಡ್ ಲಾಕರ್ ಅಂಟು ಹಾಕಿದ್ದಾರೆ ಎಂದರ್ಥ. ಅದರ ಮೇಲೆ ಎಣ್ಣೆ ಎಷ್ಟು ಸುರಿದರೂ ಪ್ರಯೋಜನವಿಲ್ಲ. ನೀಲಿ ಬಗೆಯದು ಸಾಮಾನ್ಯವಾಗಿ ಸ್ಪ್ಯಾನರಿನ ಬಲಕ್ಕೇ ಬಿಡುತ್ತದೆ, ಕೆಂಪು ಬಗೆಗೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.

ಇನ್ನೊಂದು ಗೊಂದಲವನ್ನು ಇಲ್ಲೇ ನಿವಾರಿಸಿಕೊಳ್ಳಿ. ಒಳಗೆ ನೈಲಾನ್ ಉಂಗುರವಿರುವ ನಟ್ಟು ಕೊನೆಯ ಸುತ್ತಿನವರೆಗೂ ಬಿಗಿಯಾಗಿಯೇ ಬರುತ್ತದೆ. ಅದು ಜಾಮ್ ಆಗಿಲ್ಲ, ಅದರ ಸ್ವಭಾವವೇ ಹಾಗೆ. ಅದನ್ನು ಸುಮ್ಮನೆ ಬಿಚ್ಚುತ್ತಾ ಹೋಗಿ.

2. ದಿಕ್ಕು ಖಚಿತಪಡಿಸಿಕೊಳ್ಳಿ

ಸಾಮಾನ್ಯ ಥ್ರೆಡ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಉಲ್ಟಾ ಥ್ರೆಡ್ ಇರುವ ಜಾಗಗಳೂ ಇವೆ: ಸೈಕಲ್ಲಿನ ಎಡ ಪೆಡಲ್, ಅಡುಗೆ ಅನಿಲದಂಥ ಉರಿಯುವ ಅನಿಲಗಳ ಜೋಡಣೆಗಳು, ಹಲವು ಟೇಬಲ್ ಫ್ಯಾನುಗಳ ರೆಕ್ಕೆ ಹಿಡಿದಿರುವ ಮುಚ್ಚಳ. ತಿರುಗುವ ಯಂತ್ರದ ನಡುಮಧ್ಯದಲ್ಲಿರುವ ನಟ್ಟು ಯಾವುದೇ ಇರಲಿ, ಒಮ್ಮೆ ಅನುಮಾನ ಪಡಿ. ಹೊರಗೆ ಇಣುಕುವ ಥ್ರೆಡ್ಡಿನ ಓರೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ ನೋಡಿದಾಗ ಗೆರೆಗಳು ಬಲಕ್ಕೆ ಏರುತ್ತಿದ್ದರೆ ಸಾಮಾನ್ಯ ಥ್ರೆಡ್, ಎಡಕ್ಕೆ ಏರುತ್ತಿದ್ದರೆ ಉಲ್ಟಾ.

ಕೆಳಗಿನಿಂದ ಅಥವಾ ಹಿಂದಿನಿಂದ ಕೈ ಹಾಕಿ ಬಿಚ್ಚುವಾಗ ದಿಕ್ಕು ತಪ್ಪುವುದು ಬಹಳ ಸುಲಭ. ನೀವೇ ಆ ತಲೆಯ ಎದುರು ನಿಂತಂತೆ ಕಲ್ಪಿಸಿಕೊಂಡು ನಂತರ ತಿರುಗಿಸಿ.

3. ಸ್ವಚ್ಛ ಮಾಡಿ, ಎಣ್ಣೆ ಹಾಕಿ, ಕಾಯಿರಿ

ತಂತಿ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ಡನ್ನು ಉಜ್ಜಿ. ತಲೆಯ ಗುಳಿಯಲ್ಲಿ ಕೂತಿರುವ ಬಣ್ಣ, ಮಣ್ಣು, ತುಕ್ಕನ್ನು ಚೂಪಾದ ಮೊಳೆಯಿಂದಲೋ ದಬ್ಬಳದಿಂದಲೋ ಕೆದಕಿ ತೆಗೆಯಿರಿ. ಇದು ಸಣ್ಣ ಕೆಲಸವೆಂದು ಕಂಡರೂ ಬಿಡಬೇಡಿ. ಗುಳಿಯ ತಳದಲ್ಲಿ ಒಂದು ಮಿಲಿಮೀಟರ್ ಕೊಳೆಯಿದ್ದರೂ ಸ್ಕ್ರೂಡ್ರೈವರಿನ ತುದಿ ಪೂರ್ತಿ ಇಳಿಯುವುದಿಲ್ಲ. ಅರ್ಧ ಇಳಿದ ತುದಿಯೇ ತಲೆಯನ್ನು ಸವೆಸುವುದು. ಬಣ್ಣ ಬಳಿದಿದ್ದರೆ ತಲೆಯ ಸುತ್ತ ಚಾಕುವಿನಿಂದ ಗೀರಿ, ಬಣ್ಣದ ಪದರವನ್ನು ಬೇರ್ಪಡಿಸಿ.

ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಎಲ್ಲರ ಮನೆಯಲ್ಲೂ ಕಾಣುವ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಲೋಹದ ಮೇಲಿನ ನೀರನ್ನು ಹೊರದೂಡುವ ದ್ರವವಾಗಿ. ಹಗುರವಾದ ತುಕ್ಕಿಗೆ ಅದು ಸಾಕು. ಹಳೆಯ, ದಪ್ಪ ತುಕ್ಕಿಗೆ ಸಂದಿಗಳೊಳಗೆ ನುಸುಳಲೆಂದೇ ತಯಾರಿಸಿದ ಪೆನಿಟ್ರೇಟಿಂಗ್ ಆಯಿಲ್ ಮೇಲು. ಅದು ಸಿಗದಿದ್ದರೆ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮಪ್ರಮಾಣದಲ್ಲಿ ಬೆರೆಸಿ ಬಳಸುವವರಿದ್ದಾರೆ. ಎರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ, ಬಣ್ಣ ಮತ್ತು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಇದು ನೆನಪಿರಲಿ. ಸೀಮೆಎಣ್ಣೆಯೂ ನಡೆಯುತ್ತದೆ, ಆದರೆ ನಿಧಾನ. ಪೆಟ್ರೋಲ್ ಮಾತ್ರ ಬೇಡವೇ ಬೇಡ.

ಎಣ್ಣೆಯನ್ನು ತಲೆಯ ಮೇಲೆ ಸುರಿದು ಪ್ರಯೋಜನವಿಲ್ಲ, ಅದು ಥ್ರೆಡ್ ಇರುವಲ್ಲಿಗೆ ಹೋಗಬೇಕು. ಬೋಲ್ಟಿನ ಹಿಂಬದಿ ಕೈಗೆ ಎಟುಕಿದರೆ ಅಲ್ಲಿಂದಲೂ ಹಾಕಿ. ಹಾಕಿದ ಮೇಲೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ಹತ್ತಿಪ್ಪತ್ತು ಸಲ ತಟ್ಟಿ. ಆ ಕಂಪನಕ್ಕೆ ತುಕ್ಕಿನಲ್ಲಿ ಸಣ್ಣ ಬಿರುಕು ಮೂಡಿ ಎಣ್ಣೆ ಒಳಗಿಳಿಯುತ್ತದೆ. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಹಾಕಿ, ಇನ್ನೊಮ್ಮೆ ತಟ್ಟಿ. ಹಠಮಾರಿ ಬೋಲ್ಟಾದರೆ ಸಂಜೆ ಹಾಕಿ ಬೆಳಗ್ಗೆ ಬನ್ನಿ. ಈ ಕಾಯುವಿಕೆಯಷ್ಟು ಅಗ್ಗದ ಸಾಧನ ಬೇರೊಂದಿಲ್ಲ, ಆದರೂ ಜನ ಮೊದಲು ಬಿಡುವುದು ಇದನ್ನೇ.

4. ತಲೆಗೆ ತಕ್ಕ ತುದಿ

ಸ್ಟಾರ್ ಸ್ಕ್ರೂಡ್ರೈವರ್ ಎಂದು ನಾವು ಕರೆಯುವುದರಲ್ಲಿ ಕನಿಷ್ಠ ಮೂರು ಬಗೆಗಳಿವೆ, ನೋಡಲು ಮೂರೂ ಒಂದೇ ಥರ. ಮೊದಲನೆಯದು ಫಿಲಿಪ್ಸ್. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ಇದರ ಗುಳಿಯ ಗೋಡೆಗಳು ಇಳಿಜಾರಾಗಿರುವುದರಿಂದ, ಬಲ ಹೆಚ್ಚಾದಂತೆ ತುದಿ ತಾನಾಗಿ ಮೇಲಕ್ಕೆ ಜಾರುತ್ತದೆ. ಎರಡನೆಯದು ಪೋಜಿಡ್ರೈವ್. ಇದರ ತಲೆಯಲ್ಲಿ ಪ್ಲಸ್ ಗುರುತಿನ ನಾಲ್ಕು ತೋಳುಗಳ ನಡುವೆ ನಾಲ್ಕು ಸಣ್ಣ ಗೆರೆಗಳು ಕಾಣುತ್ತವೆ. ಮೂರನೆಯದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ವಿನ್ಯಾಸ. ಜಪಾನಿ ಮೋಟಾರ್‌ಸೈಕಲ್ಲು, ಕ್ಯಾಮೆರಾಗಳಲ್ಲಿ ಸಿಗುವ ಇದರ ತಲೆಯ ಮೇಲೆ ಹಲವು ಸಲ ಒಂದು ಪುಟ್ಟ ಚುಕ್ಕೆಯಿರುತ್ತದೆ. ಪೋಜಿಡ್ರೈವ್ ಅಥವಾ ಜೆಐಎಸ್ ತಲೆಗೆ ಫಿಲಿಪ್ಸ್ ತುದಿ ಇಟ್ಟರೆ ಹಿಡಿದಂತೆ ಅನಿಸುತ್ತದೆ, ಬಲ ಬಿದ್ದಾಗ ಜಾರುತ್ತದೆ.

ಅಳತೆಯೂ ಅಷ್ಟೇ ಮುಖ್ಯ. ಮನೆಯಲ್ಲಿ ಎದುರಾಗುವ ಸ್ಕ್ರೂಗಳಲ್ಲಿ ಹೆಚ್ಚಿನವು ಪಿಎಚ್2, ಅಂದರೆ ಫಿಲಿಪ್ಸ್ ಬಗೆಯ 2ನೇ ಅಳತೆ. ಅದಕ್ಕೆ ಪಿಎಚ್1 ತುದಿಯೂ ಇಳಿಯುತ್ತದೆ, ಆದರೆ ಒಳಗೆ ಅಲುಗಾಡುತ್ತದೆ. ತುದಿಯನ್ನು ಇಟ್ಟು ಎಡಬಲಕ್ಕೆ ಅಲ್ಲಾಡಿಸಿ ನೋಡಿ, ಆಟ ಇರಬಾರದು. ಮೈನಸ್ ಸ್ಕ್ರೂವಿಗೆ ತುದಿಯ ಅಗಲ ತಲೆಯ ಅಗಲದಷ್ಟೇ ಇರಬೇಕು, ದಪ್ಪ ಗೀರಿನ ತುಂಬ ಕೂರಬೇಕು. ಮೂಲೆ ಸವೆದ ತುದಿಯಿದ್ದರೆ ಅದನ್ನು ಅರದಿಂದ ನೇರ ಮಾಡಿ. ಅಲೆನ್ ಕೀಯ (ಷಟ್ಕೋನ ಗುಳಿಗೆ ಹಾಕುವ ಬಾಗಿದ ಕಡ್ಡಿ) ಮೂಲೆ ದುಂಡಗಾಗಿದ್ದರೆ ಆ ತುದಿಯನ್ನು ಒಂದೆರಡು ಮಿಲಿಮೀಟರ್ ಉಜ್ಜಿ ತೆಗೆದರೆ ಹೊಸ ಅಂಚು ಬರುತ್ತದೆ. ಅಲೆನ್ ಕೀಗಳಲ್ಲಿ ಗುಂಡು ತುದಿಯ ಕಡೆಯನ್ನು ಬಿಗಿಯಾದದ್ದಕ್ಕೆ ಎಂದೂ ಬಳಸಬೇಡಿ.

ಈಗ ತಿರುಗಿಸಿ. ಶಕ್ತಿಯ ಹೆಚ್ಚಿನ ಪಾಲು ಕೆಳಕ್ಕೆ ಒತ್ತಲು, ಉಳಿದದ್ದು ತಿರುಗಿಸಲು. ಸ್ಕ್ರೂಡ್ರೈವರ್ ತಲೆಗೆ ನೇರವಾಗಿರಲಿ, ಎದೆಯ ಭಾರ ಹಿಡಿಯ ಮೇಲೆ ಬೀಳಲಿ. ಕಂಬಿ ಚೌಕಾಕಾರದ್ದಾಗಿದ್ದರೆ, ಅಥವಾ ಹಿಡಿಯ ಬುಡದಲ್ಲಿ ಷಟ್ಕೋನವಿದ್ದರೆ, ಒಂದು ಕೈಯಿಂದ ಒತ್ತುತ್ತಾ ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಕೈಯ ತಿರುವಿಗೂ ಸ್ಪ್ಯಾನರಿನ ತಿರುವಿಗೂ ಅಜಗಜಾಂತರ.

ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವ ದಿಕ್ಕಿಗೆ. ತುಕ್ಕಿನ ಪದರಕ್ಕೆ ಎರಡೂ ಕಡೆಯಿಂದ ಎಳೆತ ಬಿದ್ದರೆ ಅದು ಬೇಗ ಒಡೆಯುತ್ತದೆ.

5. ಪೆಟ್ಟು ಕೊಟ್ಟು ತಿರುಗಿಸುವುದು

ಇದಕ್ಕೂ ಬಗ್ಗದಿದ್ದರೆ ಇಂಪ್ಯಾಕ್ಟ್ ಡ್ರೈವರ್ ಬೇಕು. ವಿದ್ಯುತ್ತಿನದಲ್ಲ, ಸುತ್ತಿಗೆಯಿಂದ ಹೊಡೆಯುವಂಥದ್ದು. ದಪ್ಪ ಉಕ್ಕಿನ ಹಿಡಿಯೊಳಗೆ ಓರೆಯಾದ ಜಾಡೊಂದಿರುತ್ತದೆ. ಮೇಲಿನಿಂದ ಸುತ್ತಿಗೆ ಬಿದ್ದಾಗ ಅದು ತುದಿಯನ್ನು ಕೆಳಕ್ಕೆ ಅದುಮಿ, ಅದೇ ಕ್ಷಣದಲ್ಲಿ ತುಸು ತಿರುಗಿಸುತ್ತದೆ. ತುದಿ ಮೇಲಕ್ಕೆ ಜಾರಲು ಅವಕಾಶವೇ ಇಲ್ಲ. ಸ್ಟಾರ್ ಸ್ಕ್ರೂಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕೈ ಸಾಧನ ಇಲ್ಲವೆಂದೇ ನನ್ನ ಅಭಿಪ್ರಾಯ.

ಬಳಸುವ ಕ್ರಮ ಹೀಗೆ: ದಿಕ್ಕನ್ನು ಸಡಿಲಿಸುವ ಕಡೆಗೆ ಹೊಂದಿಸಿ. ತುದಿಯನ್ನು ತಲೆಯಲ್ಲಿಟ್ಟು, ಹಿಡಿಯನ್ನು ಒತ್ತಿಕೊಂಡೇ ಬಿಚ್ಚುವ ದಿಕ್ಕಿಗೆ ತಿರುಗಿಸಿ, ಒಳಗಿನ ಆಟವೆಲ್ಲ ಮುಗಿದು ಬಿಗಿಯಾಗುವವರೆಗೆ. ಆ ಬಿಗಿಯನ್ನು ಬಿಡದೆ ಹಿಡಿದುಕೊಂಡು, ಸುಮಾರು ಒಂದು ಕಿಲೋ ತೂಕದ ಸುತ್ತಿಗೆಯಿಂದ ನೇರವಾಗಿ, ದಿಟ್ಟವಾಗಿ ಹೊಡೆಯಿರಿ. ಅಳುಕುತ್ತಾ ಕೊಡುವ ಸಣ್ಣ ಸಣ್ಣ ಪೆಟ್ಟುಗಳು ತಲೆಯನ್ನು ಹಾಳು ಮಾಡುತ್ತವೆಯೇ ಹೊರತು ಕೆಲಸ ಮಾಡುವುದಿಲ್ಲ. ಎರಡು ಮೂರು ಒಳ್ಳೆಯ ಪೆಟ್ಟು ಬಿದ್ದ ಮೇಲೆ ಹಿಡಿ ಸ್ವಲ್ಪ ತಿರುಗಿದ್ದು ಕೈಗೆ ಗೊತ್ತಾಗುತ್ತದೆ. ಆಗ ಸುತ್ತಿಗೆ ಕೆಳಗಿಟ್ಟು ಸಾದಾ ಸ್ಕ್ರೂಡ್ರೈವರಿನಿಂದ ಬಿಚ್ಚಿ.

ತೆಳು ಎರಕದ ಅಲ್ಯೂಮಿನಿಯಂ, ಪ್ಲಾಸ್ಟಿಕ್, ಗಾಜು ಹತ್ತಿರವಿರುವಲ್ಲಿ ಈ ವಿಧಾನ ಬೇಡ. ಬಿಚ್ಚುವ ವಸ್ತುವಿನ ಕೆಳಗೆ ಗಟ್ಟಿ ಆಧಾರವಿಲ್ಲದಿದ್ದರೆ ಪೆಟ್ಟಿನ ಶಕ್ತಿಯೆಲ್ಲ ಅದು ಪುಟಿಯುವುದರಲ್ಲೇ ಹೋಗುತ್ತದೆ. ಸುತ್ತಿಗೆ ಕೈಯಲ್ಲಿದ್ದಷ್ಟು ಹೊತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು.

6. ನಟ್ಟು ಬೋಲ್ಟಿಗೆ ಸನ್ನೆಯ ಬಲ

ಷಟ್ಕೋನದ ತಲೆಗೆ ಆರು ಮೂಲೆಯ ಸಾಕೆಟ್ ಎಲ್ಲಕ್ಕಿಂತ ಸುರಕ್ಷಿತ. ಹನ್ನೆರಡು ಮೂಲೆಯದು ಇಡಲು ಅನುಕೂಲವಾದರೂ ತುಕ್ಕು ತಿಂದ ತಲೆಯ ಮೇಲೆ ಜಾರುತ್ತದೆ. ಅದಾದ ಮೇಲೆ ರಿಂಗ್ ಸ್ಪ್ಯಾನರ್. ಬಾಯಿ ತೆರೆದ ಸ್ಪ್ಯಾನರ್ ಎರಡೇ ಬದಿಗಳನ್ನು ಹಿಡಿಯುವುದರಿಂದ ಮೊದಲ ಬಿಗಿ ಬಿಡಿಸಲು ಅದನ್ನು ಬಳಸಬೇಡಿ. ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಕ್ರೂ ಸ್ಪ್ಯಾನರ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ದವಡೆಯನ್ನು ಪೂರ್ತಿ ಬಿಗಿ ಮಾಡಿ, ಎಳೆತದ ಭಾರ ಕದಲದ ದವಡೆಯ ಮೇಲೆ ಬೀಳುವಂತೆ ಹಿಡಿಯಿರಿ.

ಸನ್ನೆಯ ಲೆಕ್ಕ ಸರಳ. 20 ಕಿಲೋ ತೂಕ ಎತ್ತುವಷ್ಟು ಬಲದಿಂದ 15 ಸೆಂಟಿಮೀಟರ್ ಸ್ಪ್ಯಾನರ್ ಎಳೆದರೆ ಸುಮಾರು 30 ನ್ಯೂಟನ್ ಮೀಟರ್ ತಿರುಚು ಬಲ ಸಿಗುತ್ತದೆ. ಹಿಡಿ 60 ಸೆಂಟಿಮೀಟರ್ ಉದ್ದವಿದ್ದರೆ ಅದೇ ಕೈಗೆ 120. ಹಾಗೆಂದು ಎಲ್ಲದಕ್ಕೂ ಪೈಪು ಸಿಕ್ಕಿಸಲು ಹೋಗಬೇಡಿ. 8.8 ಎಂಬ ಸಾಮಾನ್ಯ ಬಲದ ದರ್ಜೆಯ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟನ್ನು ಬಿಗಿ ಮಾಡುವುದೇ ಸುಮಾರು 10 ನ್ಯೂಟನ್ ಮೀಟರಿಗೆ, ಎಂ8 ಅನ್ನು ಸುಮಾರು 25ಕ್ಕೆ. ಉದ್ದ ಹಿಡಿಯ ಒಂದು ಜಗ್ಗಿಗೆ ಎಂ6 ತುಂಡಾಗಿ ಕೈಗೆ ಬರುತ್ತದೆ. ರ‍್ಯಾಚೆಟ್ ಹಿಡಿಗೆ (ಒಂದೇ ದಿಕ್ಕಿಗೆ ಕಚ್ಚಿ ತಿರುಗಿಸುವ ಸಾಕೆಟ್ ಹಿಡಿ) ಪೈಪು ಹಾಕಿದರೆ ಒಳಗಿನ ಹಲ್ಲು ಮುರಿಯುತ್ತದೆ. ಅದಕ್ಕೆಂದೇ ರ‍್ಯಾಚೆಟ್ ಇಲ್ಲದ ಉದ್ದನೆಯ ಬ್ರೇಕರ್ ಬಾರ್ ಇದೆ.

ಕೈಗೆ ತಿಳಿಯುವ ಸೂಚನೆಗಳನ್ನು ಗಮನಿಸಿ, ಈ ಕೆಲಸದ ನಿಜವಾದ ವಿದ್ಯೆ ಇದೇ. ತುಕ್ಕು ಬಿಟ್ಟಾಗ ‘ಟಕ್’ ಎಂದು ಗಟ್ಟಿ ಶಬ್ದವಾಗಿ, ನಟ್ಟು ತುಸು ತಿರುಗಿ, ಬುಡದಿಂದ ಕಂದು ಪುಡಿ ಉದುರುತ್ತದೆ. ಅದು ಶುಭಸೂಚನೆ. ಬೋಲ್ಟು ಶಬ್ದವಿಲ್ಲದೆ, ರಬ್ಬರಿನಂತೆ ಮೆತ್ತಗೆ ತಿರುಗುತ್ತಿದ್ದು, ತಿರುಗಿದಷ್ಟೂ ಹಗುರವಾಗದಿದ್ದರೆ ಅದು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ತಕ್ಷಣ ನಿಲ್ಲಿಸಿ. ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಹಾಕಿ, 3ನೇ ಹೆಜ್ಜೆಗೆ ಮರಳಿ.

ಕದಲಿತು ಎಂದ ಕೂಡಲೇ ಸರಸರನೆ ಬಿಚ್ಚುವುದೂ ತಪ್ಪು. ಕಾಲು ಸುತ್ತು ಬಿಚ್ಚಿ, ಅರೆಕಾಲು ಸುತ್ತು ಹಿಂದಕ್ಕೆ, ಮತ್ತೆ ಬಿಚ್ಚಿ. ನಡುನಡುವೆ ಎಣ್ಣೆ ಹಾಕುತ್ತಿದ್ದರೆ ಅದು ಕಂದು ಬಣ್ಣದ ಕೆಸರಾಗಿ ಹೊರಬರುತ್ತದೆ. ಆ ಕೆಸರು ಬರುತ್ತಿರುವವರೆಗೂ ಹಿಂದೆಮುಂದೆ ಮಾಡಿ. ಸ್ಟೇನ್‌ಲೆಸ್ ನಟ್ಟು ಬೋಲ್ಟುಗಳಲ್ಲಂತೂ ವೇಗವೇ ಶತ್ರು. ಎರಡರ ಮೇಲ್ಮೈ ಉಜ್ಜಿ, ಒಂದಕ್ಕೊಂದು ಅಂಟಿಕೊಂಡು, ಬೆಸುಗೆ ಹಾಕಿದಂತೆ ಕೂತುಬಿಡುತ್ತವೆ.

ಸ್ಪ್ಯಾನರನ್ನು ದೂಡುವುದಕ್ಕಿಂತ ನಿಮ್ಮ ಕಡೆಗೆ ಎಳೆಯುವುದು ಒಳ್ಳೆಯದು. ದೂಡಲೇಬೇಕಾದರೆ ಮುಷ್ಟಿ ಕಟ್ಟದೆ ಅಂಗೈಯಿಂದ ದೂಡಿ, ಜಾರಿದಾಗ ಗೆಣ್ಣು ಉಳಿಯುತ್ತದೆ.

7. ಶಾಖ

20 ಮಿಲಿಮೀಟರ್ ಅಗಲದ ಉಕ್ಕಿನ ನಟ್ಟು 200 ಡಿಗ್ರಿಯಷ್ಟು ಬಿಸಿಯೇರಿದರೆ ಹಿಗ್ಗುವುದು ಸುಮಾರು 0.05 ಮಿಲಿಮೀಟರ್ ಮಾತ್ರ. ಅಷ್ಟೇ ಸಾಕು, ತುಕ್ಕಿನ ಹಿಡಿತ ಮುರಿಯುತ್ತದೆ. ಬಿಸಿ ಮಾಡಬೇಕಾದ್ದು ಹೊರಗಿನ ಭಾಗವನ್ನು, ಅಂದರೆ ನಟ್ಟನ್ನು ಅಥವಾ ಬೋಲ್ಟು ಕೂತಿರುವ ಲೋಹವನ್ನು. ತುಕ್ಕು ಹಿಡಿದ ಬೋಲ್ಟನ್ನೇ ಬಿಸಿ ಮಾಡಬೇಕಾಗಿ ಬಂದರೆ ಅದು ಪೂರ್ತಿ ತಣಿದ ಮೇಲೆ ತಿರುಗಿಸಿ. ಸಣ್ಣ ಸ್ಕ್ರೂಗಳಿಗೆ, ಥ್ರೆಡ್ ಲಾಕರ್ ಹಾಕಿದವಕ್ಕೆ, ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ತುದಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದರೆ ಸಾಕಾಗುತ್ತದೆ.

ಇಲ್ಲಿ ಎಚ್ಚರಿಕೆ ಬಹಳ ಬೇಕು. 3ನೇ ಹೆಜ್ಜೆಯಲ್ಲಿ ಹಾಕಿದ ಎಣ್ಣೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಮೊದಲು ಒರೆಸಿ ಆರಲು ಬಿಡಿ. ಕ್ಲೋರಿನ್ ಬೆರೆತ ಬ್ರೇಕ್ ಕ್ಲೀನರ್ ಹಾಕಿದ ಜಾಗವನ್ನು ಎಂದಿಗೂ ಬಿಸಿ ಮಾಡಬೇಡಿ, ಅದರಿಂದ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಸತುವಿನ ಲೇಪವಿರುವ ಬೋಲ್ಟನ್ನು ಕೆಂಪಗೆ ಕಾಯಿಸಿದರೆ ಅದರ ಹೊಗೆಯೂ ಕೆಟ್ಟದ್ದು. ಇಂಧನದ ಕೊಳವೆ, ಬ್ಯಾಟರಿ, ರಬ್ಬರ್ ಸೀಲ್, ಬೇರಿಂಗ್ ಹತ್ತಿರವಿದ್ದರೆ ಶಾಖದ ಯೋಚನೆ ಬಿಡಿ.

8. ಮರದೊಳಗಿನ ಸ್ಕ್ರೂ

ಮರಕ್ಕೆ ಎಣ್ಣೆ ಹಾಕಬೇಡಿ. ಕಲೆ ಉಳಿಯುತ್ತದೆ, ಮುಂದೆ ಪಾಲಿಶ್ ಹಿಡಿಯುವುದಿಲ್ಲ. ಬೆಸುಗೆ ಕಡ್ಡಿಯಿಂದ ತಲೆಯನ್ನು ಬಿಸಿ ಮಾಡಿ, ತಣಿಯಲು ಬಿಡಿ. ಹಿಗ್ಗಿದ ಸ್ಕ್ರೂ ಸುತ್ತಲಿನ ಮರವನ್ನು ಅದುಮಿ, ತಣಿದಾಗ ಸಂದಿ ಬಿಟ್ಟು ಕುಗ್ಗುತ್ತದೆ. ಹಳೆಯ ಹಿತ್ತಾಳೆ ಸ್ಕ್ರೂಗಳು ಮೆದುವಾದ್ದರಿಂದ ಬೇಗ ತುಂಡಾಗುತ್ತವೆ, ನಿಧಾನವಾಗಿ ತಿರುಗಿಸಿ.

9. ತಲೆ ಸವೆದೇ ಹೋಗಿದ್ದರೆ

ಸವೆತ ಈಗಷ್ಟೇ ಶುರುವಾಗಿದ್ದರೆ ಅಗಲವಾದ ರಬ್ಬರ್ ಬ್ಯಾಂಡನ್ನು ತಲೆಗೂ ತುದಿಗೂ ನಡುವೆ ಇಟ್ಟು ಒತ್ತಿ ತಿರುಗಿಸಿ. ಸಡಿಲವಾಗಿರುವ ಸಣ್ಣ ಸ್ಕ್ರೂಗಳಿಗೆ ಇದು ನಡೆಯುತ್ತದೆ, ನಿಜವಾಗಿ ಕಚ್ಚಿಕೊಂಡದ್ದಕ್ಕೆ ಹೆಚ್ಚು ನಂಬಬೇಡಿ. ವಾಲ್ವ್ ಉಜ್ಜುವ ಪೇಸ್ಟನ್ನು ತುದಿಗೆ ಹಚ್ಚಿದರೆ ಅದರೊಳಗಿನ ಗಟ್ಟಿ ಕಣಗಳು ಕಚ್ಚಿಕೊಂಡು ಇನ್ನೂ ಒಳ್ಳೆಯ ಹಿಡಿತ ಕೊಡುತ್ತವೆ.

ತಲೆ ಮೇಲೆದ್ದಿದ್ದರೆ ಲಾಕಿಂಗ್ ಪ್ಲೈಯರ್ ಹಾಕಿ ಗಟ್ಟಿಯಾಗಿ ಕಚ್ಚಿಸಿ ತಿರುಗಿಸಿ. ಕೆಲಸ ಕೆಟ್ಟಾಗ ಮೊದಲು ಕೈ ಹೋಗಬೇಕಾದ್ದು ಇದಕ್ಕೇ. ಅಥವಾ ಹ್ಯಾಕ್ಸಾ ಬ್ಲೇಡಿನಿಂದ ತಲೆಗೆ ಅಡ್ಡಲಾಗಿ ಗೀರು ಕೊಯ್ದು, ದಪ್ಪ ಮೈನಸ್ ತುದಿಯಿಂದ ಬಿಚ್ಚಿ. ಅಲೆನ್ ಗುಳಿ ದುಂಡಗಾಗಿದ್ದರೆ ಅದಕ್ಕಿಂತ ತುಸು ದೊಡ್ಡ ಟಾರ್ಕ್ಸ್ (ಆರು ಮೂಲೆಯ ನಕ್ಷತ್ರಾಕಾರದ) ತುದಿಯನ್ನು ಸುತ್ತಿಗೆಯಿಂದ ಬಡಿದು ಇಳಿಸಿ. ತಲೆ ಮಟ್ಟಸವಾಗಿ ಕೂತಿದ್ದರೆ ಅಂಚಿನ ಹತ್ತಿರ ಚಾಣದಿಂದ ಒಂದು ಗಾಯ ಮಾಡಿ, ಚಾಣವನ್ನು ಓರೆಯಾಗಿ ಹಿಡಿದು ಬಿಚ್ಚುವ ದಿಕ್ಕಿಗೆ ಹೊಡೆಯುತ್ತಾ ಹೋಗಿ. ನಟ್ಟಿನ ಮೂಲೆಗಳೆಲ್ಲ ಹೋಗಿದ್ದರೆ ಬೋಲ್ಟನ್ನು ಉಳಿಸಲು ನಟ್ಟನ್ನು ಬಲಿ ಕೊಡಿ. ಒಂದು ಬದಿಯನ್ನು ಥ್ರೆಡ್ ತಾಗುವ ತನಕ ಹ್ಯಾಕ್ಸಾದಿಂದ ಕೊಯ್ದು, ಚಾಣ ಇಟ್ಟು ಸೀಳಿ.

10. ಬೋಲ್ಟು ಮುರಿದಿದ್ದರೆ

ಹೊರಗೆ ಒಂದೂವರೆ ಸೆಂಟಿಮೀಟರಿನಷ್ಟು ಥ್ರೆಡ್ ಉಳಿದಿದ್ದರೆ ಅದಕ್ಕೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಎದುರುಬದುರಾಗಿ ಬಿಗಿ ಮಾಡಿ, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಚ್ಚಿ.

ಮಟ್ಟಸವಾಗಿ ಮುರಿದಿದ್ದರೆ ಅರದಿಂದ ಸಪಾಟು ಮಾಡಿ, ಸೆಂಟರ್ ಪಂಚಿನಿಂದ ನಡುಮಧ್ಯ ಗುರುತು ಹಾಕಿ, ಬೋಲ್ಟಿನ ಅರ್ಧದಷ್ಟು ಅಗಲದ ತೂತು ಕೊರೆಯಿರಿ. ಕೈ ಡ್ರಿಲ್ಲಿನಲ್ಲೇ ಇದು ಸಾಧ್ಯ, ನಡುವಿನಿಂದ ಕದಲದಂತೆ ನೋಡಿಕೊಂಡರಾಯಿತು. ಆ ತೂತಿಗೆ ಮುರಿದ ಬೋಲ್ಟನ್ನು ಕಚ್ಚಿ ಹೊರತೆಗೆಯುವ ಎಡಸುರುಳಿಯ ಎಕ್ಸ್‌ಟ್ರಾಕ್ಟರ್ ಇಳಿಸಿ ತಿರುಗಿಸುವುದು ವಾಡಿಕೆ. ಆದರೆ ಯೋಚಿಸಿ: ಪೂರ್ತಿ ದಪ್ಪದ ಬೋಲ್ಟನ್ನೇ ಮುರಿದ ತುಕ್ಕು, ಅದರ ಅರ್ಧ ದಪ್ಪದ ಎಕ್ಸ್‌ಟ್ರಾಕ್ಟರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು ಗಡುಸಾದ, ಪೆಳಸಾದ ಉಕ್ಕು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲಿನ ತುದಿ ಅದನ್ನು ಕೊರೆಯಲಾರದು. ಬೋಲ್ಟು ತುಕ್ಕಿನಿಂದಲ್ಲದೆ ಅತಿಯಾಗಿ ಬಿಗಿ ಮಾಡಿದ್ದರಿಂದ ಮುರಿದಿದ್ದರೆ ಮಾತ್ರ ನಾನು ಎಕ್ಸ್‌ಟ್ರಾಕ್ಟರನ್ನು ಮುಟ್ಟುವುದು. ಉಳಿದಂತೆ ತೂತನ್ನು ಹಂತಹಂತವಾಗಿ ಹಿಗ್ಗಿಸುತ್ತಾ ಎಂ6 ಆದರೆ 5 ಮಿಲಿಮೀಟರಿಗೆ, ಎಂ8 ಆದರೆ 6.8ಕ್ಕೆ ತಂದು ನಿಲ್ಲಿಸುವುದು ವಾಸಿ. ಉಳಿದ ತೆಳು ಸುರುಳಿಯನ್ನು ಚೂಪಾದ ಕಡ್ಡಿಯಿಂದ ಕೆದಕಿ, ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ ಥ್ರೆಡ್ ಶುದ್ಧ ಮಾಡಿ.

11. ಮತ್ತೆ ಹಾಕುವಾಗ

ಸವೆದ ಸ್ಕ್ರೂ ಎಸೆಯಿರಿ, ಹೊಸದು ಹಾಕಿ. ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಆ್ಯಂಟಿ ಸೀಜ್ ಪೇಸ್ಟ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಅಥವಾ ಸ್ವಲ್ಪ ಗ್ರೀಸ್ ಹಚ್ಚಿ. ಸ್ಟೇನ್‌ಲೆಸ್ ನಟ್ಟು ಬೋಲ್ಟುಗಳಿಗೂ, ಅಲ್ಯೂಮಿನಿಯಂ ಒಳಗಿನ ಉಕ್ಕಿಗೂ ಇದನ್ನು ತಪ್ಪಿಸಬೇಡಿ. ಜಾರು ಹಚ್ಚಿದ ಬೋಲ್ಟು ಅದೇ ತಿರುವಿಗೆ ಹೆಚ್ಚು ಬಿಗಿಯಾಗುತ್ತದೆ, ಆದ್ದರಿಂದ ಒಣ ಬೋಲ್ಟಿಗೆ ಹಾಕುವಷ್ಟು ಬಲ ಹಾಕಬೇಡಿ. ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ನೇರವಾಗಿ ಇಟ್ಟು ತಿರುಗಿಸಿ.